ಎತ್ತಿದ ಕೈಗೆ ಹೊಲಿದ ಅಂಗಿ

ಆ ಗಲ್ಲಿಗೆ ಹೋಗಿ ಅವಳ ನಿಜವಾದ ಹೆಸರು ಹಿಡಿದು ವಿಚಾರಿಸಿದರೆ ಜನ ನಿಮ್ಮ ಮುಖ ನೋಡುತ್ತಾರೆ. 'ಗೋಡೆ ಮನೆ ಯಾವುದು' ಅಂತ ಕೇಳಿ, ಮೂರು ಕಡೆಯಿಂದ ಮೂರು ಕೈ ಒಂದೇ ಬಾಗಿಲು ತೋರಿಸುತ್ತವೆ. ಇಟ್ಟಿಗೆ ಗಾರೆಯ ಗೋಡೆಯಲ್ಲ ಅದು, ಮೂಗು ಬಾಯಿ ಇರುವ ಗೋಡೆ. ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದಲ್ಲಿ ಹತ್ತು ಹನ್ನೆರಡು ವರ್ಷ ಗೋಲು ಕಾಯ್ದವಳು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ಈ ಗೋಡೆಗೆ ಕಿವಿಗಿಂತ ಕಣ್ಣು ಚುರುಕು. ಒದೆಯುವವಳು ನೆಲಕ್ಕೂರಿದ ಕಾಲು ಯಾವ ಕಡೆ ತಿರುಗಿದೆ ಎಂದು ನೋಡಿಯೇ ಚೆಂಡು ಎಲ್ಲಿಗೆ ಬರುತ್ತದೆಂದು ತಿಳಿದುಕೊಂಡುಬಿಡುತ್ತಿದ್ದಳು.

ಇಷ್ಟೆಲ್ಲ ಆಡಿದವಳಿಗೆ ಒಂದೇ ಒಂದು ಕೊರಗಿತ್ತು. ದೊಡ್ಡ ಕಪ್ಪು ಸಿಗಲಿಲ್ಲ ಎಂಬುದಲ್ಲ, ಪೇಪರಿನಲ್ಲಿ ಫೋಟೋ ಚಿಕ್ಕದಾಗಿ ಹಾಕಿದರು ಎಂಬುದೂ ಅಲ್ಲ. ಅವಳು ಆಡುವುದನ್ನು ಅವಳ ಅಮ್ಮ ನೋಡಲಿಲ್ಲ. ಕಡಲಾಚೆ ಇದ್ದ ಅಮ್ಮನೇನಲ್ಲ. ಮೈದಾನದ ಕೂಗು ಕೇಳಿಸುವಷ್ಟು ಹತ್ತಿರದಲ್ಲೇ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಅಮ್ಮ. ಒಂದು ಸಲ ಬಂದಿದ್ದಳು, ಅರ್ಧಕ್ಕೇ ಎದ್ದು ಹೋದಳು. ಆಮೇಲೆ ಎಷ್ಟು ಕರೆದರೂ ಬರಲಿಲ್ಲ.

ಅಮ್ಮನ ಕಸುಬು ದರ್ಜಿಯದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಲಲ್ಲಿ ತುಳಿಯುವ ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ಮೊಳೆಗಳಲ್ಲಿ ನೇತಾಡುವ ಅರ್ಧ ಮುಗಿದ ಶಾಲೆಯ ಯೂನಿಫಾರಂಗಳು, ನೆಲದ ತುಂಬ ದಾರದ ಚೂರು. ಮೆಷಿನ್ ಇದ್ದದ್ದು ಗಲ್ಲಿಯ ಕಡೆಯ ಗೋಡೆಗೆ ಒತ್ತಿಕೊಂಡು. ಗಲ್ಲಿಯ ಹುಡುಗರಿಗೆ ಅದೇ ಗೋಡೆ ಗೋಲು. ಅಮ್ಮನ ಡಬ್ಬಿಯಿಂದಲೇ ಕದ್ದ ಸೀಮೆಸುಣ್ಣದಲ್ಲಿ ಹುಡುಗಿಯ ಅಣ್ಣ ಅದರ ಮೇಲೆ ಎರಡು ಗೀಟು ಎಳೆದಿದ್ದ. ಚೆಂಡು ಧಡ್ ಎಂದು ಬಡಿದಾಗಲೆಲ್ಲ ಒಳಗೆ ಅಮ್ಮ ಬೆಚ್ಚಿ, ನೇರ ಹೋಗುತ್ತಿದ್ದ ಹೊಲಿಗೆ ಸೊಟ್ಟಗಾಗುತ್ತಿತ್ತು.

ಒಂದು ದಿನ ಅಮ್ಮ ಕತ್ತರಿ ಹಿಡಿದೇ ಹೊರಗೆ ಬಂದಳು. ಹುಡುಗರು ಚೆಲ್ಲಾಪಿಲ್ಲಿ.

"ಆಡಬೇಡಿ ಅಂತ ನಾನು ಹೇಳಲ್ಲ. ಚೆಂಡು ಮಾತ್ರ ಗೋಡೆಗೆ ತಾಗಬಾರದು. ಇನ್ನೊಂದು ಸಲ ತಾಗಿದ್ರೆ ಚೆಂಡನ್ನ ಕತ್ತರಿಸಿ ಜೇಬು ಹೊಲೀತೀನಿ" ಎಂದಳು.

ಅಣ್ಣ ತಲೆ ಕೆರೆದುಕೊಂಡ. ಗೋಡೆಗೆ ತಾಗಬಾರದು ಎಂದರೆ ಅದರ ಮುಂದೆ ಏನಾದರೂ ನಿಲ್ಲಿಸಬೇಕು. ಕೈಗೆ ಸಿಕ್ಕಿದ್ದು ತಂಗಿ. "ಚೆಂಡು ಬಂದ್ರೆ ಹಿಡಿ. ಬಿಟ್ಯೋ, ಅಮ್ಮ ಬರ್ತಾಳೆ" ಎಂದು ಹೇಳಿ ನಿಲ್ಲಿಸಿದ. ತರಬೇತಿ ಅಷ್ಟೇ. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಳು, ಎಡಕ್ಕೆ ಹಾರಿದಳು, ಬಲಕ್ಕೆ ಬಿದ್ದಳು, ಮೊಣಕೈ ಮೊಣಕಾಲು ತರಚಿಕೊಂಡಳು. ದಿನ ಕಳೆದಂತೆ ಗೋಡೆಗೆ ಚೆಂಡು ತಾಗುವುದೇ ಅಪರೂಪವಾಯಿತು. ಒಳಗೆ ಅಮ್ಮನ ಹೊಲಿಗೆ ನೇರವಾಯಿತು, ಹೊರಗೆ ಮಗಳಿಗೆ ಹೆಸರು ಅಂಟಿಕೊಂಡಿತು. ಮುಂದೆ ಎಂತೆಂಥ ಕೋಚುಗಳು ಬಂದರು, ಸೀಟಿ ಊದಿದರು, ಹೋದರು. ಆದರೆ ಮೊದಲ ಕೋಚು ಒಳಗೆ ಕೂತು ಕಾಲರ್ ಹೊಲಿಯುತ್ತಿದ್ದ ಅಮ್ಮನೇ. ಇದನ್ನು ಹೇಳಿದರೆ ಅಮ್ಮ ಒಪ್ಪುವುದಿಲ್ಲ, ಆ ಮಾತು ಬೇರೆ.

ಶಾಲೆಯ ಡ್ರಿಲ್ ಮೇಷ್ಟ್ರ ಕಣ್ಣಿಗೆ ಹುಡುಗಿ ಬಿದ್ದಳು. ಅವರು ಹುಡುಗಿಯರ ತಂಡ ಕಟ್ಟುತ್ತಿದ್ದರು. ಒಂದು ಸಂಜೆ ಅಂಗಡಿಗೆ ಬಂದು, ಪ್ಯಾಂಟಿನ ಅಂಚು ಮಡಿಸಿಕೊಡಿ ಎಂಬ ನೆಪ ಹೇಳಿ, ಮಗಳ ವಿಷಯ ಎತ್ತಿದರು.

"ಬಿದ್ದು ಹಲ್ಲು ಮುರ್ಕೊಂಡ್ರೆ ಹೊಸ ಹಲ್ಲು ನೀವು ಕೊಡ್ತೀರಾ ಮೇಷ್ಟ್ರೇ?" ಎಂದಳು ಅಮ್ಮ.

"ಅವಳು ಬೀಳೋದನ್ನ ನೀವು ನೋಡಿದೀರಾ? ಬೆಕ್ಕು ಬಿದ್ದ ಹಾಗೆ ಬೀಳ್ತಾಳೆ. ನಿಮ್ಮ ಗೋಡೆ ಕಾಯ್ದಿದ್ದು ಸಾಕು, ಇನ್ನು ಶಾಲೆಯ ಗೋಲು ಕಾಯಲಿ."

ಅಮ್ಮ ಅಳೆದೂ ಸುರಿದೂ ಕೊನೆಗೆ ಹೂಂ ಎಂದಳು. ಒಪ್ಪಿದ ಮೇಲೆ ಅರ್ಧಂಬರ್ಧ ಅವಳ ಜಾಯಮಾನವಲ್ಲ. ಒಳ್ಳೆಯ ಹಳದಿ ಬಟ್ಟೆ ತಂದಳು. ಮಗಳನ್ನು ಮೇಜಿನ ಪಕ್ಕ ನಿಲ್ಲಿಸಿ ಟೇಪು ಹಿಡಿದಳು. "ನೆಟ್ಟಗೆ ನಿಂತ್ಕೋ. ಕೈ ಕೆಳಗೆ ಬಿಡು. ಅಲ್ಲಾಡಬೇಡ." ಊರಿನ ಅರ್ಧ ಮಕ್ಕಳಿಗೆ ಯೂನಿಫಾರಂ ಹೊಲಿದವಳು, ಅವರಿಗೆಲ್ಲ ಹೇಳಿದ್ದನ್ನೇ ಮಗಳಿಗೂ ಹೇಳಿದಳು. ಅಂಗಿ ಮೈಗೆ ಅಚ್ಚುಕಟ್ಟಾಗಿ ಕೂತಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಹೊಲಿದವರಿಗೆ ಅಂಗಿ ಮುದ್ದು. ಆ ದಿನ ಕನ್ನಡಿಯ ಮುಂದೆ ಎರಡೂ ಒಟ್ಟಿಗೆ ನಿಂತಿದ್ದವು. ಅಮ್ಮ ಹಿಗ್ಗಿ ಹೀರೇಕಾಯಿ.

ಮೊದಲ ಪಂದ್ಯದ ದಿನ ಅಮ್ಮ ಅಂಗಡಿಗೆ ಬೀಗ ಹಾಕಿ ಬಂದಳು. ಮುಂದಿನ ಸಾಲಲ್ಲೇ ಕೂತು ಪಕ್ಕದವರಿಗೆಲ್ಲ "ಆ ಹಳದಿ ಅಂಗಿ ನಾನೇ ಹೊಲಿದದ್ದು" ಎಂದಳು. ಸ್ವಲ್ಪ ಹೊತ್ತಿಗೆ ಎದುರಾಳಿ ಹುಡುಗಿಯೊಬ್ಬಳು ಚೆಂಡನ್ನು ಎತ್ತರಕ್ಕೆ ಒದ್ದಳು. ಗೋಡೆ ಎರಡೂ ಕೈ ಮೇಲೆತ್ತಿ ಹಾರಿದಳು. ಪರ್ ಎಂದು ಸದ್ದಾಯಿತು. ಕಂಕುಳಿಂದ ಸೊಂಟದ ತನಕ ಅಂಗಿ ಬಾಯಿ ಬಿಟ್ಟಿತು.

"ಗೋಡೆ ಬಿರುಕು ಬಿಟ್ಟಿತು!" ಎಂದು ಯಾವನೋ ಕಿಡಿಗೇಡಿ ಕೂಗಿದ. ಮೈದಾನವೆಲ್ಲ ಗೊಳ್ಳೆಂದಿತು. ಹುಡುಗಿ ಮೈ ಮುಚ್ಚಿಕೊಳ್ಳಲು ಕೈ ಕೆಳಗೆಳೆದಳು, ಚೆಂಡು ಬೆರಳು ತಪ್ಪಿ ಬೆನ್ನ ಹಿಂದೆ ಬಲೆಯೊಳಗೆ ಬಿತ್ತು. ತಲೆ ಎತ್ತಿ ಅಮ್ಮನ ಕಡೆ ನೋಡಿದರೆ, ಅಮ್ಮ ಕೂತಿದ್ದ ಜಾಗ ಖಾಲಿ.

ಮನೆಗೆ ಬಂದಾಗ ಅಮ್ಮ ಮೆಷಿನ್ ಮುಂದೆ ಬೆನ್ನು ಮಾಡಿ ಕೂತಿದ್ದಳು. ಹರಿದ ಅಂಗಿಯನ್ನು ಕೈಚಾಚಿ ಇಸಿದುಕೊಂಡಳು ಅಷ್ಟೇ. ಬೆಳಗ್ಗೆ ಅದು ಮೊಳೆಯಲ್ಲಿ ನೇತಾಡುತ್ತಿತ್ತು. ಎರಡೂ ಕಂಕುಳಲ್ಲಿ ಒಂದೊಂದು ಚೌಕ ತುಂಡು ಕೂಡಿಸಿ ಹೊಲಿದಿತ್ತು. ಹಾಕಿಕೊಂಡು ಕೈ ಎತ್ತಿದರೆ ಎಲ್ಲೂ ಹಿಡಿಯಲಿಲ್ಲ. ಅಂಗಿ ಸರಿಹೋಯಿತು, ಮಾತು ಸರಿಹೋಗಲಿಲ್ಲ. ತಾನು ಜನರ ಮುಂದೆ ಹಾಗೆ ನಿಂತದ್ದಕ್ಕೆ ಅಮ್ಮ ನಾಚಿ ಎದ್ದು ಹೋದಳು ಎಂದು ಮಗಳು ತಾನೇ ತೀರ್ಮಾನಿಸಿಕೊಂಡಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಮಹಾನುಭಾವರು ಆ ಮನೆಗೆ ಬಂದು ನೋಡಬೇಕಿತ್ತು. ಆ ಬಂಗಾರ ಹೊತ್ತು ಇಬ್ಬರಿಗೂ ಬೆನ್ನು ಬಾಗಿತ್ತು.

ವರ್ಷಗಳು ಉರುಳಿ, ದೇಶದ ತಂಡದಿಂದ ಕರೆ ಬಂತು. ಗಲ್ಲಿಯೆಲ್ಲ ಕುಣಿಯಿತು. ಆದರೆ ಹೆಣ್ಣುಮಕ್ಕಳ ತಂಡ ಎಂದರೆ ಆಗ ಫುಟ್‌ಬಾಲ್ ಸಂಘದವರಿಗೆ ಮಲಮಗಳಿದ್ದ ಹಾಗೆ. ಗಂಡಸರ ತಂಡಕ್ಕೆ ಹೊಸ ಅಂಗಿ ಬಂದರೆ ಹಳೆಯವು ಇವರಿಗೆ. ಭುಜ ಮೊಣಕೈಗೆ ಇಳಿಯುತ್ತಿತ್ತು, ಒಬ್ಬೊಬ್ಬರ ಅಂಗಿಯೊಳಗೆ ಇನ್ನೊಬ್ಬಳು ಆರಾಮಾಗಿ ಬಾಡಿಗೆಗೆ ಇರಬಹುದಿತ್ತು. ಕೇಳಿದರೆ "ಆಡೋದು ಕಾಲಲ್ಲಿ ತಾನೇ?" ಎಂಬ ಉತ್ತರ. ಅಂಥ ಬುದ್ಧಿವಂತರಿಗೆ ಗೋಲ್‌ಕೀಪರ್ ಎಂಬ ಪ್ರಾಣಿ ಇದೆ ಎಂದು ಯಾರು ಹೇಳಿಕೊಡಬೇಕು!

ಗೋಡೆ ಆ ಅಂಗಿಗಳನ್ನು ಚೀಲಕ್ಕೆ ತುಂಬಿ ಮನೆಗೆ ತಂದಳು. ಅಮ್ಮ ಒಂದೊಂದನ್ನೇ ಬಿಚ್ಚಿ, ಎದೆಯ ಮೇಲಿನ ದೇಶದ ಗುರುತಿಗೆ ಕತ್ತರಿ ತಾಗದಂತೆ ಸುತ್ತು ಹಾಕಿ ಕತ್ತರಿಸಿ, ಮತ್ತೆ ಕೂಡಿಸಿದಳು. ಆಮೇಲೆ ಶಿಬಿರ ಶುರುವಾಗುವ ಮುಂಚೆ ತಂಡದ ಹುಡುಗಿಯರೆಲ್ಲ ಆ ಮುಂದಿನ ಕೋಣೆಯಲ್ಲಿ ಸಾಲು ನಿಲ್ಲುವುದು ರೂಢಿಯಾಯಿತು. ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲರನ್ನೂ ಗದರುತ್ತಿದ್ದಳು, ಎಲ್ಲರಿಗೂ ಟೀ ಕೊಡುತ್ತಿದ್ದಳು. ಒಬ್ಬೊಬ್ಬರಿಗೂ ಹೇಳುತ್ತಿದ್ದದ್ದು ಒಂದೇ ಮಾತು, "ಕೈ ಎತ್ತಮ್ಮ."

ಆಟ ನೋಡಲು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. "ನಾಳೆ ಇಲ್ಲೇ ಮ್ಯಾಚ್ ಇದೆಯಮ್ಮಾ, ಬರ್ತೀಯಾ?" ಎಂದರೆ "ನೋಡೋಣ" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದಳು. ಶಾಲೆ ಶುರುವಾಗುವ ಕಾಲವಾದರೆ ಯೂನಿಫಾರಂ ರಾಶಿ, ರಜೆಯ ಕಾಲವಾದರೆ ಮೆಷಿನ್ ರಿಪೇರಿ. ನೆಪಕ್ಕೇನು ಬರ? ಹೊರದೇಶದಿಂದ ಫೋನ್ ಮಾಡಿದರೂ ಅಷ್ಟೇ.

"ಅಂಗಿ ಹೇಗಿತ್ತು?"

"ಚೆನ್ನಾಗಿತ್ತಮ್ಮಾ."

"ಎಲ್ಲೂ ಹಿಡೀಲಿಲ್ಲ ತಾನೇ?"

"ಇಲ್ಲ."

"ಸರಿ, ಊಟ ಮಾಡಿ ಮಲಕ್ಕೋ."

ಗೆದ್ಯಾ, ಸೋತ್ಯಾ, ಪೆಟ್ಟಾಯ್ತಾ, ಊಹೂಂ. ಫೋನ್ ಇಟ್ಟ ಮೇಲೆ ಗೋಡೆಗೆ ಎಷ್ಟೋ ಸಲ ಅಳು ಬಂದಿದೆ. ತನಗಿಂತ ಅಂಗಿಯೇ ಅಮ್ಮನಿಗೆ ಹೆಚ್ಚಾಯಿತಲ್ಲ ಎಂದು ಆ ಅಂಗಿಯ ಮೇಲೇ ಸಿಟ್ಟು ಮಾಡಿಕೊಂಡು, ಅದನ್ನೇ ತೊಟ್ಟು ಮರುದಿನ ಮತ್ತೆ ಹಾರುತ್ತಿದ್ದಳು.

ಒಂದು ದೊಡ್ಡ ಪಂದ್ಯಾವಳಿಯ ಸೆಮಿಫೈನಲ್ಲು. ಎದುರಿಗೆ ಇವರಿಗಿಂತ ಎಲ್ಲದರಲ್ಲೂ ದೊಡ್ಡ ದೇಶ. ಆಟ ಸಮವಾಗಿ ಪೆನಾಲ್ಟಿಗೆ ಹೋಯಿತು. ಗಲ್ಲಿಯವರೆಲ್ಲ ಇಸ್ತ್ರಿಯಂಗಡಿಯ ಮೇಜಿನ ಮೇಲೆ ಒಂದು ಫೋನ್ ನಿಲ್ಲಿಸಿಕೊಂಡು ತಲೆಗೆ ತಲೆ ತಾಗಿಸಿ ನೋಡುತ್ತಿದ್ದರು. ಗೋಡೆ ಒಂದು ಹಿಡಿದಳು. ಇನ್ನೊಂದನ್ನು ಬೆರಳ ತುದಿಯಲ್ಲಿ ಕಂಬದಾಚೆ ತಳ್ಳಿದಳು. ತಂಡ ಫೈನಲ್ಲಿಗೆ ಹೋಯಿತು. ಇಸ್ತ್ರಿಯವನು ಸುದ್ದಿ ಹೇಳಲು ಅಮ್ಮನ ಅಂಗಡಿಗೆ ಓಡಿದ. ಅಮ್ಮ ಮೆಷಿನ್ ತುಳಿಯುತ್ತಲೇ ಇದ್ದಳು. "ಅಂಗಿ ಹರೀಲಿಲ್ವಾ?" ಎಂದಷ್ಟೇ ಕೇಳಿದಳು.

ಮಗಳು ಬೆಳ್ಳಿ ಪದಕ ಹಿಡಿದು ಊರಿಗೆ ಬಂದಾಗ ಇಸ್ತ್ರಿಯವನು ಬದಿಗೆ ಕರೆದು ಹೇಳಿದ: "ನಿಮ್ಮಮ್ಮ ಅವತ್ತು ಮೆಷಿನ್ ಹೆಂಗೆ ಓಡಿಸ್ತಿದ್ರು ಗೊತ್ತಾ? ಸೂಜಿ ಕೆಳಗೆ ಬಟ್ಟೇನೇ ಇರ್ಲಿಲ್ಲಮ್ಮಾ." ಅವಳು ನಕ್ಕಳು, ನಂಬಲಿಲ್ಲ. ಇಸ್ತ್ರಿಯವನ ಮಾತಿಗೆ ಸುಕ್ಕು ಜಾಸ್ತಿ ಎಂಬುದು ಗಲ್ಲಿಗೇ ಗೊತ್ತಿದ್ದ ವಿಷಯ.

ಕೊನೆಗೆ ಗೋಲಿನ ಕಂಬವೇ ಅವಳನ್ನು ಆಟದಿಂದ ಹೊರಗೆ ಹಾಕಿತು. ಒಂದು ಸಾಮಾನ್ಯ ಪಂದ್ಯದಲ್ಲಿ ಬಲಕ್ಕೆ ಹಾರಿದವಳ ಭುಜ ಕಂಬಕ್ಕೆ ಬಡಿಯಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ವ್ಯಾಯಾಮವೂ ಆಯಿತು, ಬಲಗೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. "ದಿನದ ಕೆಲಸಕ್ಕೇನೂ ತೊಂದರೆ ಇಲ್ಲ, ತಲೆ ಮೇಲೆ ಎತ್ತೋದು ಮಾತ್ರ ಕಷ್ಟ" ಎಂದರು ಡಾಕ್ಟರು. ಗೋಲು ಕಾಯುವವಳ ದಿನದ ಕೆಲಸ ಅದೇ ಎಂದು ಅವರಿಗೇನು ಗೊತ್ತು. ಬೀಳ್ಕೊಡುಗೆಯ ಪಂದ್ಯ ಎಂದು ಒಂದು ಮಾತು ಎದ್ದು, ಎದ್ದ ಹಾಗೇ ಮಲಗಿತು. ಸಂಘದವರು ಒಂದು ಗೋಡೆ ಗಡಿಯಾರ ಕಳಿಸಿದರು. ಅವರೇನೂ ಬೇಕೆಂದು ಮಾಡಿದ್ದಲ್ಲ, ಆದರೂ ಗಲ್ಲಿಯವರು ಅದನ್ನು ನೆನೆದು ನೆನೆದು ನಕ್ಕರು. ಅವಳೂ ನಕ್ಕಳು. ಬಾಗಿಲು ಹಾಕಿಕೊಂಡ ಮೇಲೆ ಅತ್ತಳು. ಇನ್ನು ಅಮ್ಮ ಮನಸ್ಸು ಮಾಡಿದರೂ ನೋಡಲು ಏನೂ ಉಳಿದಿರಲಿಲ್ಲ.

ತಲೆಯ ಮೇಲಿಂದ ಹಾಕುವ ಅಂಗಿ ತೊಡಲಾಗದ್ದಕ್ಕೆ ಅಮ್ಮ ಅವಳಿಗೆ ಮುಂದೆ ಗುಂಡಿ ಇರುವ ಅಂಗಿ ಹೊಲಿದಳು, ಕಂಕುಳಲ್ಲಿ ಎಂದಿನಂತೆ ಚೌಕ ತುಂಡು ಸೇರಿಸಿಯೇ. ಒಂದು ಬೆಳಗ್ಗೆ ತಾನೇ ತೊಡಿಸಿ ಗುಂಡಿ ಹಾಕುತ್ತಿದ್ದಾಗ ಮಗಳ ಬಾಯಿಂದ ಮಾತು ಜಾರಿತು.

"ಇನ್ನು ನೀನು ನೆಮ್ಮದಿಯಾಗಿರಮ್ಮಾ. ಜನರ ಮುಂದೆ ಹಾರಿ ನಿನ್ನ ಮಾನ ಕಳೆಯೋಳು ಇನ್ನು ಹಾರಲ್ಲ."

ಅಮ್ಮನ ಬೆರಳು ಗುಂಡಿಯ ಮೇಲೇ ನಿಂತಿತು. "ನಿನ್ನಿಂದ ನನ್ನ ಮಾನ ಹೋಗಿದ್ದು ಯಾವಾಗ?"

"ಅವತ್ತು ಅಂಗಿ ಹರಿದಾಗ ನಾಚಿಕೆಯಾಗಿ ಎದ್ದು ಹೋದ್ಯಲ್ಲ."

"ಅಯ್ಯೋ ಹುಚ್ಚಿ. ನಾಚಿಕೆ ಆಗಿದ್ದು ನಿಜ. ನಿನ್ನ ಮೇಲಲ್ಲ ಕಣೇ, ಈ ನನ್ನ ಕೈ ಮೇಲೆ. ಕೈ ಎತ್ತೋದೇ ನಿನ್ನ ಕೆಲಸ, ಅಂಥವಳಿಗೆ ಕೈ ಕೆಳಗೆ ಬಿಡಿಸಿ ಅಳತೆ ತಗೊಂಡ್ನಲ್ಲ, ನಾನೂ ಒಬ್ಬ ದರ್ಜಿನಾ? ಊರೋರೆಲ್ಲ ನಿನ್ನ ನೋಡಿ ನಕ್ಕಿದ್ದು ನನ್ನ ಹೊಲಿಗೆಯಿಂದ. ನಾನು ಬಂದು ಕೂತೆ, ಹರೀತು, ಗೋಲು ಹೋಯ್ತು. ಮತ್ತೆ ಬಂದು ಕೂತು ಮತ್ತೆ ಹರಿದ್ರೆ? ಅದಕ್ಕೇ ಬರ್ಲಿಲ್ಲ."

"ಇಷ್ಟು ವರ್ಷ?"

"ಇಷ್ಟು ವರ್ಷ ಹರೀಲಿಲ್ವಲ್ಲ!"

ಗೋಡೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು. 'ಅಂಗಿ ಹೇಗಿತ್ತು' ಎಂದು ದೇಶ ದೇಶಗಳಿಗೆ ಬಂದ ಆ ಪ್ರಶ್ನೆಯೊಳಗೆ ಗೆದ್ಯಾ, ಸೋತ್ಯಾ, ಪೆಟ್ಟಾಯ್ತಾ ಎಲ್ಲವೂ ಇತ್ತು ಎಂದು ಆಗ ಅವಳಿಗೆ ತಿಳಿಯಿತು. ಇಸ್ತ್ರಿಯವನು ಹೇಳಿದ್ದೂ ನಿಜವೇ ಇರಬೇಕು. ಆದರೆ ಏನು ಬಂತು, ಬರುವ ಅಮ್ಮ ಸಿಕ್ಕುವ ಹೊತ್ತಿಗೆ ಹಾರುವ ಮಗಳಿಲ್ಲ.

ಆ ದಿನಗಳಲ್ಲೇ ಡ್ರಿಲ್ ಮೇಷ್ಟ್ರು ಮತ್ತೆ ಬಂದರು. ಕೂದಲೆಲ್ಲ ನೆರೆತಿತ್ತು, ಈ ಸಲವೂ ಪ್ಯಾಂಟಿನ ಅಂಚಿನ ನೆಪವೇ. ಮೈದಾನದಲ್ಲಿ ಹುಡುಗಿಯರ ತಂಡ ಇದೆ, ತನಗೆ ವಯಸ್ಸಾಯಿತು, ನೀನು ನೋಡಿಕೋ ಎಂದರು.

"ಕೈ ಎತ್ತಕ್ಕಾಗದೋಳು ಗೋಲು ಕಾಯೋದು ಹೆಂಗೆ ಹೇಳಿಕೊಡ್ಲಿ ಮೇಷ್ಟ್ರೇ?" ಎಂದಳು ಗೋಡೆ.

"ನಾನೇನು ಹಾರಿ ತೋರಿಸಿದ್ನಾ ನಿಂಗೆ? ಈ ಹೊಟ್ಟೆ ಇಟ್ಕೊಂಡು?" ಎಂದರು ಮೇಷ್ಟ್ರು.

ಒಳಗಿನಿಂದ ಅಮ್ಮ ಸೇರಿಸಿದಳು, "ಕೈ ಏಳದಿದ್ರೆ ಏನಾಯ್ತು, ಬಾಯಿ ಗಟ್ಟಿಯಾಗೇ ಇದೆಯಲ್ಲ. ಹೋಗು."

ಹೋದಳು. ಗೆರೆಯ ಹೊರಗೆ ಒಂದು ಸ್ಟೂಲು ಹಾಕಿಕೊಂಡು ಕೂತು ಬಾಯಲ್ಲೇ ಕಲಿಸಿದಳು. ಚೆಂಡು ನೋಡಬೇಡ, ಊರಿದ ಕಾಲು ನೋಡು. ಬೀಳುವಾಗ ಮೊಣಕೈ ಮೊದಲು ಊರಬೇಡ. ಹುಡುಗಿಯರು ಕಿವಿಗೊಟ್ಟು ಕೇಳುತ್ತಿದ್ದರು, ಅಕ್ಕ ಎಂದರೆ ಪ್ರಾಣ ಬಿಡುತ್ತಿದ್ದರು. ಆದರೆ ಗೋಲಿನ ಕಂಬಗಳ ನಡುವೆ ಅವಳು ಕಾಲಿಡುತ್ತಿರಲಿಲ್ಲ. ಬಲೆ ಕಟ್ಟುವುದಿದ್ದರೂ ಹಿಂದಿನಿಂದಲೇ ಹೋಗಿ ಕಟ್ಟುತ್ತಿದ್ದಳು.

ಕೆಲವು ತಿಂಗಳಿಗೆ ತಂಡಕ್ಕೆ ಅಂಗಿಗಳು ಬಂದವು. ಯಾರೋ ದೊಡ್ಡವರಿಗೆ ಹೊಲಿಸಿದ್ದು, ಮಕ್ಕಳಿಗೆ ನಿಲುವಂಗಿಯಾಗುವಂಥವು. ಕಾಲ ಬದಲಾಯಿತು ಎನ್ನುತ್ತಾರೆ, ಬದಲಾದದ್ದು ಅಂಗಿಯ ಬಣ್ಣ ಮಾತ್ರ. ಗೋಡೆ ಚೀಲ ಹೊತ್ತು ಮನೆಗೆ ತಂದಳು.

"ನಾಳೆ ಹುಡುಗೀರನ್ನ ಇಲ್ಲಿಗೆ ಕರ್ಕೊಂಡು ಬರ್ತೀನಮ್ಮಾ, ಅಳತೆ ತಗೋ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ತುಂಬ ಹೊತ್ತು ಒರೆಸಿದಳು. "ಬೇಡ. ಕೋಣೆಯಲ್ಲಿ ನಿಲ್ಲಿಸಿ ಅಳೆದು ಒಂದು ಸಲ ಕೆಟ್ಟಿದೀನಿ. ಹಾರೋವಾಗ ನೋಡಬೇಕು. ನಾನೇ ಅಲ್ಲಿಗೆ ಬರ್ತೀನಿ."

ಮರುದಿನ ಸಂಜೆ ಅಮ್ಮ ಕುತ್ತಿಗೆಗೆ ಟೇಪು ಹಾಕಿಕೊಂಡು ಮೈದಾನಕ್ಕೆ ಬಂದಳು. ಸ್ಟೂಲು ಅವಳಿಗೆ ಬಿಟ್ಟುಕೊಟ್ಟರು. "ಅಜ್ಜಿ ಬಂದ್ರು, ಅಜ್ಜಿ ಬಂದ್ರು" ಎಂದು ಹುಡುಗಿಯರು ಸಾಲು ನಿಂತರು. "ಕೈ ಎತ್ತಮ್ಮ. ಇನ್ನೂ ಮೇಲೆ." ಒಬ್ಬೊಬ್ಬರದೇ ಮುಗಿದು ಗೋಲು ಕಾಯುವ ಹುಡುಗಿಯ ಸರದಿ ಬಂತು. ಉದ್ದ ಕಾಲು, ಉದ್ದ ಕತ್ತು, ಗೆಳತಿಯರು ಅವಳನ್ನು ಕೊಕ್ಕರೆ ಎನ್ನುತ್ತಿದ್ದರು. ಅಮ್ಮ ಹಾರು ಎಂದಳು. ಕೊಕ್ಕರೆ ನಾಚಿಕೊಂಡು ನಿಂತಲ್ಲೇ ಒಂದು ಗೇಣು ಕುಪ್ಪಳಿಸಿತು.

"ಇದೇನು ಹಾರೋದು? ಎಲ್ಲಿ ಹಿಡಿಯುತ್ತೆ ಅಂತ ನಂಗೆ ಹೇಗೆ ಗೊತ್ತಾಗಬೇಕು?" ಎಂದು ಅಮ್ಮ ಮಗಳ ಕಡೆ ತಿರುಗಿದಳು. "ನೀನು ಹಾರಿ ತೋರ್ಸು."

"ನನ್ನ ಕೈ ಏಳಲ್ಲಮ್ಮಾ."

"ಇನ್ನೊಂದು ಕೈ ಏನು ಅಡವಿಟ್ಟಿದೀಯಾ?"

ಹುಡುಗಿಯರು ಕಿಸಕ್ಕನೆ ನಕ್ಕರು. ಗೋಡೆ ಗೋಲಿನ ಕಡೆ ನೋಡಿದಳು. ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲೂ ಇಷ್ಟು ಹೆದರಿರಲಿಲ್ಲ. ಮೆಲ್ಲಗೆ ನಡೆದು ಕಂಬಗಳ ನಡುವೆ ನಿಂತಳು, ಗುಂಡಿಯ ಅಂಗಿಯಲ್ಲೇ. ಕೊಕ್ಕರೆ ಚೆಂಡಿಟ್ಟು ಓಡಿ ಬಂತು. ಊರಿದ ಕಾಲು ಗೋಡೆಯ ಎಡಗಡೆಗೆ ತಿರುಗಿತ್ತು. ಗೋಡೆ ಎಡಕ್ಕೆ ಹಾರಿದಳು, ಎಡಗೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಚಾಚಿಕೊಂಡಿತು, ಬೆರಳ ತುದಿ ತಾಗಿ ಚೆಂಡು ಕಂಬದಾಚೆ ಹೋಯಿತು. ಅವಳು ದೊಪ್ಪೆಂದು ಮಣ್ಣಿಗೆ ಬಿದ್ದಳು. ಹುಡುಗಿಯರು ಮೈದಾನ ಹಾರಿಹೋಗುವ ಹಾಗೆ ಕಿರುಚಿದರು.

ಎದ್ದು ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ಅಮ್ಮ ಪಕ್ಕದಲ್ಲಿದ್ದಳು. ಮಗಳ ಎಡತೋಳು ಎತ್ತಿ, ಕಂಕುಳ ಚೌಕ ತುಂಡಿನ ಸುತ್ತ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಹಿಡೀತಾ?"

"ಇಲ್ಲಮ್ಮಾ."

"ಹರೀತಾ?"

"ಇಲ್ಲ. ನೀನೇ ನೋಡಿದ್ಯಲ್ಲ."

ಅಮ್ಮ ಮಗಳ ತೋಳಿನ ಮಣ್ಣು ಕೊಡವಿದಳು. "ಎಲ್ಲಿ ನೋಡ್ದೆ? ನೀನು ಹಾರೋ ಹೊತ್ತಿಗೆ ಕಣ್ಣು ಮುಚ್ಕೊಂಡ್‌ಬಿಟ್ಟೆ ಕಣೇ. ಇನ್ನೊಂದು ಸಲ ಹಾರು. ಈ ಸಲ ನೋಡ್ತೀನಿ."

ಗೋಡೆ ಒದ್ದೆ ಕಣ್ಣಲ್ಲೇ ನಕ್ಕು ಮತ್ತೆ ಕಂಬಗಳ ನಡುವೆ ಹೋಗಿ ನಿಂತಳು. ಅಮ್ಮ ಸ್ಟೂಲನ್ನು ಗೋಲಿಗೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಹೆದರಿಕೆಗೆ ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು, ಕಣ್ಣು ಮಾತ್ರ ಮುಚ್ಚಲಿಲ್ಲ.